‘ಹಾಲು ಸಾಲವಲ್ದು’

ಖಾನಾಪುರ ತಾಲ್ಲೂಕಿನ ನಮ್ಮೂರಲ್ಲಿ ಎಂಬತ್ತರ ದಶಕದವರೆಗೂ ಹುಟ್ಟಿದ ಕೂಸಿನ ಬಾಯಿಗೆ ಮೊದಲು ಹೋಗುತ್ತಿದ್ದದ್ದು ಒಳಲೆ. ಅದರಲ್ಲಿ ಸಕ್ಕರೆ ನೀರು, ಇಲ್ಲವೇ ಜೇನು. ತಾಯಿಯ ಮೊದಲ ಹಳದಿ ಹಾಲು ಕೆಟ್ಟದ್ದೆಂದು ಸೂಲಗಿತ್ತಿ ಹಿಂಡಿ ಚೆಲ್ಲಿಸುತ್ತಿದ್ದಳು. ಎಮ್ಮೆ ಈದರೆ ಗಿಣ್ಣಿಗಾಗಿ ಓಣಿಯವರೆಲ್ಲ ಪಾತ್ರೆ ಹಿಡಿದು ಬರುತ್ತಿದ್ದರು; ಹೆಂಗಸಿನ ಗಿಣ್ಣು ಮಾತ್ರ ಬಚ್ಚಲಿಗೆ. ಮೂರನೇ ದಿನ ಮೊಲೆಗೆ ಹಚ್ಚಿದರೆ ಸಕ್ಕರೆ ನೀರು ಕುಡಿದ ಕೂಸು ಚೀಪಬೇಕಲ್ಲ? ಚೀಪದಿದ್ದರೆ ಹಾಲು ಇಳಿಯುವುದಿಲ್ಲ. ಆಗ ಆಯಿ ತೀರ್ಪು ಕೊಡುತ್ತಿದ್ದಳು: “ಇಕಿಗೆ ಹಾಲು ಸಾಲವಲ್ದು.” ಬಾಣಂತಿ ಹೆಚ್ಚು ನೀರು ಕುಡಿದರೆ ಕೂಸಿಗೆ ಶೀತವಾಗುತ್ತದೆಂದು ತಂಬಿಗೆಯನ್ನೂ ದೂರ ಇಡುತ್ತಿದ್ದರು.

ಹಳೆಯ ಬಾಣಂತನವನ್ನು ಹಾಡಿ ಹೊಗಳುವವರು ಇದನ್ನೂ ಹೇಳಬೇಕು.

ಆದರೆ ಹೊರಸಿನ ಕೆಳಗೆ ಅಗ್ಗಿಷ್ಟಿಗೆ ಇತ್ತು, ಅಳವಿ ಪಾಯಸ, ಅಂಟಿನ ಉಂಡಿ ಇದ್ದವು. ಅಳವಿಯಿಂದ ಎಷ್ಟು ಹಾಲು ಹೆಚ್ಚಿತೋ ನಾನು ವಾದಿಸಲಾರೆ. ಅದನ್ನು ಕುದಿಸಿ ತಂದುಕೊಡಲು ಅವ್ವ ಇದ್ದಳು, ವೈನಿ ಇದ್ದಳು. ಬಾಣಂತಿ ಒಲೆ ಮುಟ್ಟುವಂತಿರಲಿಲ್ಲ. ಅವಳಿಗೆ ಕೂಸಿನ ಜೊತೆ ಮಲಗಿರಲು ಹೊತ್ತು ಸಿಗುತ್ತಿತ್ತು. ಹೊಲ-ಮನೆ ಇದ್ದವರ ಮಾತು ಇದು. ಕೂಲಿಯವಳು ಸ್ವಲ್ಪ ದಿನಕ್ಕೇ ಗದ್ದೆಯಲ್ಲಿರುತ್ತಿದ್ದಳು.

ಅಂಥವರನ್ನು ಮತ್ತೆ ಕಂಡದ್ದು ಬೆಳಗಾವಿಯ ರಾಮತೀರ್ಥ ನಗರದಲ್ಲಿ. ನಾವು ಬಂದಾಗ ಕಣಬರ್ಗಿ ಕಡೆಯ ಈ ಬಡಾವಣೆಯಲ್ಲಿ ಖಾಲಿ ಪ್ಲಾಟುಗಳೇ ಹೆಚ್ಚು. ಮನೆ ಏಳುತ್ತಿದ್ದಲ್ಲೆಲ್ಲ ಸೀರೆಯ ಜೋಲಿ, ಅದರಲ್ಲೊಂದು ಕೂಸು. ತಾಯಿ ಬುಟ್ಟಿ ಇಳಿಸಿ ಸೆರಗು ಸರಿಸುವಷ್ಟರಲ್ಲಿ ಮೇಸ್ತ್ರಿಯ ಕೂಗು. ಬಡವರು ಮೊಲೆಯುಣಿಸುವುದರಲ್ಲಿ ಮುಂದು ಎಂದು ಭಾಷಣ ಮಾಡುವವರಿಗೆ ಈ ಮೇಸ್ತ್ರಿ ನೆನಪಿರುವುದಿಲ್ಲ.

ಈಗ ಸೂಲಗಿತ್ತಿ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಶೇ. 88.6 ಹೆರಿಗೆ ಆಸ್ಪತ್ರೆಗಳಲ್ಲೇ ಆಗಿವೆ. ಆದರೂ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕಿದ್ದು ಶೇ. 41.8 ಕೂಸುಗಳಿಗೆ ಮಾತ್ರ. ಸಿಸೇರಿಯನ್ ಆದ ತಾಯಿ ಮಂಪರಿನಲ್ಲಿ ಒಂದು ಕಡೆ, ಕೂಸು ಇನ್ನೊಂದು ಕಡೆ. ಹೊರಗೆ ಬೆರಳಿಗೆ ಜೇನು ಹಚ್ಚಿಕೊಂಡು ನಿಂತ ನೆಂಟರು. 1992ರ ಕಾನೂನು ಹಾಲಿನ ಪುಡಿಯ ಡಬ್ಬಿಯಿಂದ ಗುಂಡು ಕೂಸಿನ ಚಿತ್ರ ತೆಗೆಸಿತು, ಜಾಹೀರಾತನ್ನೂ ನಿಲ್ಲಿಸಿತು. ಡಬ್ಬಿ ಮಾತ್ರ ಎದುರುಮನೆಯ ಹುಡುಗಿಯ ಜೊತೆ ಆಸ್ಪತ್ರೆಯಿಂದಲೇ ಮನೆಗೆ ಬಂತು. “ಹಾಲು ಸಾಲವಲ್ದು ಅಂದ್ರು, ಆಂಟಿ” ಎಂದಳು. ಅಂದವರು ಯಾರು? ನರ್ಸ್, ಅತ್ತೆ, ಗಂಡ. ಅವಳನ್ನು ಯಾರೂ ಕೇಳಿರಲಿಲ್ಲ. ಗಂಡ ಬೆಳಗ್ಗೆ ಕೆಲಸಕ್ಕೆ ಹೋದರೆ ಸಂಜೆಯತನಕ ಆ ಮನೆಯಲ್ಲಿ ಅವಳೂ ಕೂಸೂ ಇಬ್ಬರೇ.

ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆರಿಗೆ ಸೌಲಭ್ಯ ಕಾನೂನಿನ 2017ರ ತಿದ್ದುಪಡಿ ಕೊಟ್ಟ ಸಂಬಳ ಸಹಿತ ರಜೆ 26 ವಾರ, ಲೆಕ್ಕ ಸರಿಯಾಯಿತು. ಆದರೆ ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಅಂಗಡಿಗೆ ಅದು ಅನ್ವಯಿಸುವುದಿಲ್ಲ. ಖಡೇಬಜಾರದ ಸಣ್ಣ ಅಂಗಡಿಯಲ್ಲಿ ದಿನವಿಡೀ ನಿಂತು ಸೀರೆ ಬಿಚ್ಚಿ ತೋರಿಸುವವಳಿಗೆ ಹೆರಿಗೆ ಎಂದರೆ ಕೆಲಸ ಬಿಟ್ಟಂತೆಯೇ.

ಆಸ್ಪತ್ರೆಯಲ್ಲಿ ಹೆತ್ತವರ ಮನೆಗೂ 3ನೇ ದಿನದಿಂದ 42ನೇ ದಿನದೊಳಗೆ ಆಶಾ ಕಾರ್ಯಕರ್ತೆ ಆರು ಸಲ ಬರಬೇಕೆಂಬ ನಿಯಮವಿದೆ. ಹಳ್ಳಿಯಲ್ಲಿ ಆಕೆಗೆ ಚಹಾ ಸಿಗುತ್ತದೆ. ನಮ್ಮ ಬಡಾವಣೆಯಲ್ಲಿ “ನಮಗೇನ್ ಬ್ಯಾಡ್ರಿ, ನಮ್ಮದು ಪ್ರೈವೇಟ್” ಎಂದು ಗೇಟಿನಾಚೆಯಿಂದಲೇ ಕಳಿಸಿಬಿಡುತ್ತಾರೆ. ಕೂಸನ್ನು ಹೇಗೆ ಹಿಡಿಯಬೇಕು, ಹಾಲು ಸಾಲುತ್ತದೋ ಇಲ್ಲವೋ ಹೇಗೆ ನೋಡಬೇಕು ಎಂದು ಪಕ್ಕದಲ್ಲಿ ಕೂತು ಹೇಳಿಕೊಡುವಾಕೆ ಅವಳೇ. ಮುಂದಿನ ಸಲ ಬಂದರೆ ಗೇಟು ತೆಗೆಯಿರಿ, ಬಾಣಂತಿಯ ಕೋಣೆಗೆ ಕರೆದೊಯ್ಯಿರಿ. ಅತ್ತೆಯವರೂ ಅಲ್ಲೇ ಕೂತು ಕೇಳಲಿ, ನಡುವೆ ಮಾತಾಡದೆ.