ಕೆರೆಯಂಗಳದ ಫೋಟೊ

2014ರ ಮಾರ್ಚ್. ಆರನೇ ಸೆಮಿಸ್ಟರ್. ಮಧ್ಯಾಹ್ನದ ಲ್ಯಾಬ್‌ಗೆ ಚಕ್ಕರ್ ಹೊಡೆದು ಐದು ಜನ ಮೂರು ಬೈಕ್ ಹತ್ತಿದ್ವಿ. ‘ಹೆಸರಘಟ್ಟ ಕೆರೆಗೆ ಹೋಗೋಣ, ಕಾಲಾದ್ರೂ ಇಳಿಬಿಟ್ಟು ಕೂರಬಹುದು’ ಅಂದವನು ನಾನೇ. ಚಿಕ್ಕಬಾಣಾವರ ದಾಟಿ, ಧೂಳು ಕುಡಿದು, ಏರಿ ಹತ್ತಿ ನೋಡಿದರೆ ನೀರೇ ಇಲ್ಲ! ಕಣ್ಣು ಹಾಯಿಸಿದಷ್ಟು ದೂರ ಒಣಹುಲ್ಲು, ಜಾಲಿ, ಮೇಯುವ ದನ. ಎಲ್ಲರೂ ಸೇರಿ ನನ್ನನ್ನು ಬೈದರು.

ಬೈಯದೇ ಇದ್ದವನು ಒಬ್ಬನೇ. ಹಿರಿಯೂರು ಕಡೆಯ ಹಳ್ಳಿಯವನು. ನಮ್ಮ ಬಾಯಲ್ಲಿ ‘ದುರ್ಗ’. ಕೆಳಗಿಳಿದು ಒಂದು ಹೆಂಟೆ ಎತ್ತಿ ಮುರಿದು ನೋಡಿದ. ‘ಒಳಗೂ ಪಸೆ ಇಲ್ಲ ಕಣ್ರೋ’ ಅಂದ.

ಅರ್ಕಾವತಿಗೆ ಅಡ್ಡವಾಗಿ 1894ರಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕಟ್ಟಿದ ಕೆರೆ ಅದು. 1896ರಲ್ಲಿ ಬೆಂಗಳೂರಿಗೆ ಮೊದಲ ಬಾರಿ ಕೊಳಾಯಿ ನೀರು ಬಂದಿದ್ದು ಇಲ್ಲಿಂದಲೇ. ಮೇಲಿನ ಹಳ್ಳಗಳು ಬತ್ತಿದವು, ಕೊಳವೆಬಾವಿ, ನೀಲಗಿರಿ ತೋಪು ಹೆಚ್ಚಿದವು, ಕೆರೆಗೆ ಬರುವ ನೀರು ನಿಂತಿತು. ಇದೆಲ್ಲ ನಾನು ಓದಿದ್ದು ಆಮೇಲೆ. ಅವತ್ತು ನಮಗೆ ಅದು ಓಡಾಡೋಕೆ ಸಿಕ್ಕ ಬಯಲು, ಅಷ್ಟೇ.

ಫೋನನ್ನು ಕಲ್ಲಿಗೆ ಒರಗಿಸಿ ಟೈಮರ್ ಇಟ್ಟು ಎಗರಿ ಫೋಟೊ ತೆಗೆದ್ವಿ. ಅಷ್ಟರಲ್ಲಿ ದುರ್ಗನಿಗೆ ಕಾಲ್ ಬಂತು. ದೂರ ಹೋಗಿ ಮಾತಾಡಿ ಬಂದ. ‘ಯಾರೋ?’ ‘ಏನಿಲ್ಲ ಮಗಾ, ಊರಿಂದ.’ ಮುಂದಕ್ಕೆ ನೃತ್ಯಗ್ರಾಮದ ತನಕ ಹೋದ್ವಿ. ಗೇಟಿನ ಹತ್ತಿರ ನಾವೆಲ್ಲ ಇಳಿದರೂ ಅವನು ಬೈಕಿಂದ ಇಳಿಯಲಿಲ್ಲ. ಎರಡು ಪ್ಲೇಟ್ ತಟ್ಟೆ ಇಡ್ಲಿ ಮುಗಿಸುವವನು ಆ ಸಂಜೆ ಬರೀ ಟೀ ಕುಡಿದ. ನಾವು ಕೇಳಲಿಲ್ಲ.

ಏಳನೇ ಸೆಮಿಸ್ಟರ್‌ಗೆ ಅವನು ಬರಲಿಲ್ಲ. ‘ಮನೇಲಿ ಪ್ರಾಬ್ಲಮ್ಮಂತೆ’ ಅಂದರು. ಪ್ಲೇಸ್‌ಮೆಂಟ್ ಗಡಿಬಿಡಿಯಲ್ಲಿ ನಾವೂ ಸುಮ್ಮನಾದ್ವಿ. 2022ರಲ್ಲಿ ವಾಣಿವಿಲಾಸ ಸಾಗರ 89 ವರ್ಷದ ನಂತರ ಕೋಡಿ ಬಿದ್ದಾಗ ಅವನ ಸ್ಟೇಟಸ್‌ನಲ್ಲಿ ವಿಡಿಯೊ ನೋಡಿದೆ. ಮೀಟಿಂಗ್‌ನಲ್ಲಿದ್ದೆ, ಒಂದು ಹಾರ್ಟ್ ಒತ್ತಿ ಬಿಟ್ಟೆ.

2024ರ ಮಾರ್ಚ್. ಯಲಹಂಕದ ನಮ್ಮ ಅಪಾರ್ಟ್‌ಮೆಂಟಿನ ಬೋರ್ ನಿಂತು, ಬಕೆಟ್ ಸಾಲಾಗಿಟ್ಟುಕೊಂಡು ಟ್ಯಾಂಕರ್‌ಗೆ ಕಾಯ್ತಿದ್ದ ಬೆಳಗ್ಗೆ. ‘ಹತ್ತು ವರ್ಷದ ಹಿಂದೆ’ ಅಂತ ಫೋನು ಆ ಫೋಟೊ ತೋರಿಸಿತು. ನಾಲ್ಕು ಜನ ಗಾಳಿಯಲ್ಲಿ. ಮೂಲೆಯಲ್ಲಿ ಬೆನ್ನು ತಿರುಗಿಸಿ, ಕಿವಿಗೆ ಫೋನಿಟ್ಟ ಒಬ್ಬ.

ಅಲ್ಲೇ ನಿಂತು ಕಾಲ್ ಮಾಡಿದೆ. ‘ಅವತ್ತು ಯಾರದ್ದೋ ಫೋನು?’

‘ಈಗ ಕೇಳ್ತಿದ್ದೀಯಲ್ಲ ಮಾರಾಯ’ ಅಂತ ನಕ್ಕ. ಆಮೇಲೆ ಹೇಳಿದ. ‘ಮೂರನೇ ಬೋರೂ ಫೇಲ್ ಆಗಿತ್ತು. ಇನ್ನು ಫೀಸ್ ಕಟ್ಟೋಕಾಗಲ್ಲ ಅಂತ ಅಪ್ಪ ಅಳ್ತಿದ್ರು. ನಿಮಗೆ ಹೇಳೋಣ ಅಂತ್ಲೇ ವಾಪಸ್ ಬಂದೆ. ನೀವು ಫೋಟೊ ಸರಿ ಬಂತಾ ಅಂತ ನೋಡ್ತಿದ್ರಿ.’

ಏನು ಹೇಳಬೇಕೋ ತಿಳಿಯಲಿಲ್ಲ. ಅವನೇ ಮಾತು ಬದಲಿಸಿದ. ದಾಳಿಂಬೆ ಹಾಕಿದ್ದಾನಂತೆ, ಪರವಾಗಿಲ್ಲವಂತೆ. ‘ಅದಿರಲಿ, ಆ ಕೆರೇಲಿ ಈಗ ನೀರಿದೆಯಾ?’

ಇಲ್ಲಿಂದ ಅಷ್ಟೇನೂ ದೂರವಿಲ್ಲ. ಹತ್ತು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ. ‘ಗೊತ್ತಿಲ್ಲ ಕಣೋ’ ಅಂದೆ.

‘ಭಾನುವಾರ ಬರ್ತೀನಿ, ನೋಡ್ಕೊಂಡು ಬರೋಣ’ ಅಂದ. ಅಷ್ಟರಲ್ಲಿ ಟ್ಯಾಂಕರ್ ಬಂತು. ಬಕೆಟ್ ಅಲ್ಲೇ ಬಿಟ್ಟು ಮಾತು ಮುಂದುವರಿಸಿದೆ.