ಗದ್ದಲ ಎಲ್ಲಿಯದು?

ಬಿ.ಎ. ಓದುವ ಹುಡುಗನಿಗೆ ರೇಡಿಯೋದ ಗೊಡವೆ ಏಕೆ ಎಂದು ಗೆಳೆಯರು ನನ್ನನ್ನು ಆಗಾಗ ಕೇಳುವುದುಂಟು. ಅವರಿಗೆ ನಾನು ಕೊಡುವ ಉತ್ತರ ಒಂದೇ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ 30 ವ್ಯಾಟಿನ ಪುಟ್ಟ ಯಂತ್ರವನ್ನಿಟ್ಟು 'ಆಕಾಶವಾಣಿ'ಯನ್ನು ಆರಂಭಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಎಂಜಿನಿಯರರಲ್ಲ, ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಬಾನುಲಿಯ ಮೇಲೆ ನಮ್ಮಂಥವರಿಗೂ ಹಕ್ಕುಂಟೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಆದರೆ ಅವರು ನಾಡಿಗೆಲ್ಲ ಕೇಳಿಸಿದರು. ನನಗೆ ಕೇಳಿಸಿಕೊಳ್ಳುವುದಕ್ಕೇ ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳ ಪಾಡನ್ನೂ, ಅದರ ನಡುವೆ ನಾನು ಮಾಡಿದ ಒಂದು ತಪ್ಪನ್ನೂ ಇಲ್ಲಿ ಒಪ್ಪಿಸುತ್ತೇನೆ.

ನನ್ನ ರೇಡಿಯೋ ನಮ್ಮ ಅಜ್ಜಂದಿರ ಕಾಲದ ಮರದ ಪೆಟ್ಟಿಗೆಯಲ್ಲ. ಹೆಬ್ಬೆಟ್ಟಿಗಿಂತ ಸ್ವಲ್ಪ ದೊಡ್ಡದಾದ ಒಂದು ಕಡ್ಡಿ. ಅದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಗಾಳಿಯಲ್ಲಿನ ಅಲೆಗಳನ್ನು ಹಿಡಿದು ಅಂಕಿಗಳನ್ನಾಗಿ ಮಾಡಿ ಒಳಕ್ಕೆ ಕಳಿಸುತ್ತದೆ. ಹಳೆಯ ರೇಡಿಯೋದಲ್ಲಿ ಸುರುಳಿ, ಕಂಡೆನ್ಸರುಗಳು ಮಾಡುತ್ತಿದ್ದ ಬಹುಪಾಲು ಕೆಲಸವನ್ನು ಇಲ್ಲಿ ಸಾಫ್ಟ್‌ವೇರು ಲೆಕ್ಕ ಹಾಕಿಯೇ ಮುಗಿಸುತ್ತದೆ. ಈ ಕಡ್ಡಿಗಳು ಹುಟ್ಟಿದ್ದು ಕಂಪ್ಯೂಟರಿನಲ್ಲಿ ಟೆಲಿವಿಷನ್ ನೋಡುವುದಕ್ಕೆ. ಸುಮಾರು 24ರಿಂದ 1,766 ಮೆಗಾಹರ್ಟ್ಸ್‌ವರೆಗೆ ಏನನ್ನಾದರೂ ಆಲಿಸಲು ಇವುಗಳಿಂದ ಸಾಧ್ಯವೆಂಬುದನ್ನು 2012ರಲ್ಲಿ ಕೆಲವು ಹವ್ಯಾಸಿಗಳು ಕಂಡುಕೊಂಡರು. ಅಂದಿನಿಂದ ನನ್ನಂಥ ಬಡ ಕುತೂಹಲಿಗಳಿಗೂ ಇದು ಕೈಗೆಟುಕುವಂತಾಯಿತು. ವಿದ್ಯಾರ್ಥಿವೇತನದ ಹಣದಲ್ಲಿ ನಾನೂ ಒಂದನ್ನು ತರಿಸಿದೆ.

ನನ್ನ ಆಸೆಯೂ ದೊಡ್ಡದೇನಲ್ಲ. ಹೊಸಪೇಟೆಯ ಆಕಾಶವಾಣಿಯನ್ನು 100.5 ಮೆಗಾಹರ್ಟ್ಸ್‌ನಲ್ಲಿ ನಮ್ಮ ಹರಪನಹಳ್ಳಿಯ ಮನೆಯಲ್ಲಿ ಕುಳಿತು ಕೇಳಬೇಕು. ಹಕ್ಕಿ ಹಾರುವ ದಾರಿಯಲ್ಲಿ ಅಳೆದರೆ ಸುಮಾರು 70 ಕಿಲೋಮೀಟರ್ ದೂರ. "ಮೊಬೈಲಿನಲ್ಲಿಯೇ ಕೇಳಬಹುದಲ್ಲ" ಎಂದವರಿದ್ದಾರೆ. ಮನೆಯಲ್ಲಿ ನಲ್ಲಿ ಇದ್ದರೂ ಬಾವಿಯನ್ನು ಇಣುಕಿ ನೋಡಬೇಕೆನ್ನಿಸುವುದಿಲ್ಲವೆ? ಇದೂ ಹಾಗೆಯೇ.

ಮೊದಲ ರಾತ್ರಿ ಕೇಳಿದ್ದು ಬರಿಯ ಮೊರೆತ. ಪರದೆಯ ಮೇಲೆ ಅಲೆಗಳ ಚಿತ್ರ ಜಲಪಾತದಂತೆ ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು. ಅದರ ತುಂಬ ಸಮದೂರದಲ್ಲಿ ಉದ್ದುದ್ದ ಗೆರೆಗಳು. ಯಾರೋ ಬಾಚಣಿಗೆಯಿಂದ ಗೀರಿದಂತೆ. ಹೊಸಪೇಟೆ ಇರಬೇಕಾದ ಜಾಗದಲ್ಲಿ ಒಂದು ಮಬ್ಬು ಕಲೆ ಮಾತ್ರ.

ಕೇಳಿಸದಿದ್ದರೆ ಜೋರು ಮಾಡುವುದು ಮನುಷ್ಯಸ್ವಭಾವ. ನಾನು ಗೇನ್ ಎಂಬ ಹಿಡಿಕೆಯನ್ನು ಕೊನೆಯ ಅಂಕೆಯಾದ 49.6 ಡೆಸಿಬೆಲ್‌ಗೆ ಏರಿಸಿದೆ. ಪರದೆ ಪೂರ್ತಿ ಬೆಳಗಿತು, ಮೊರೆತ ಇಮ್ಮಡಿಯಾಯಿತು. ಕಾರಣ ಆಮೇಲೆ ತಿಳಿಯಿತು. ಈ ಕಡ್ಡಿ ಅಲೆಯನ್ನು ಅಳೆಯುವುದು ಎಂಟು ಬಿಟ್‌ಗಳಲ್ಲಿ, ಅಂದರೆ ಅದರ ಅಳತೆಗೋಲಿನಲ್ಲಿ ಇರುವುದು 256 ಗೆರೆಗಳು ಮಾತ್ರ. ಗದ್ದಲವೇ ಆ ಗೆರೆಗಳನ್ನೆಲ್ಲ ಆಕ್ರಮಿಸಿಕೊಂಡರೆ ದೂರದ ಕ್ಷೀಣ ದನಿಗೆ ಉಳಿಯುವುದೇನು? ಗೇನ್ ಹೆಚ್ಚಿಸಿದರೆ ದನಿಯೊಡನೆ ಗದ್ದಲವೂ ಅಷ್ಟೇ ಹೆಚ್ಚುತ್ತದೆ.

ಎರಡನೆಯ ಸಂಶಯ ಆಂಟೆನಾದ ಮೇಲೆ. ನಮ್ಮದು ತಗಡಿನ ಮನೆ. ಲೋಹದ ಸೂರಿನ ಕೆಳಗೆ ಆಂಟೆನಾ ಇಡುವುದೂ, ಮುಚ್ಚಿದ ಕೊಡದಲ್ಲಿ ಕಿವಿಯಿಟ್ಟು ಹೊರಗಿನ ಮಾತು ಕೇಳುವುದೂ ಒಂದೇ. 75ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಕಾಲುಭಾಗದ ಉದ್ದ ಮೀಟರಿನಲ್ಲಿ ಸಿಗುತ್ತದೆ. 100.5ಕ್ಕೆ ಅದು ಸುಮಾರು 75 ಸೆಂಟಿಮೀಟರ್. ತಂತಿಗೆ ಅದರಲ್ಲಿ ನೂರಕ್ಕೆ ಐದರಷ್ಟು ಕಡಿಮೆ ಮಾಡಿ 71 ಸೆಂಟಿಮೀಟರಿನ ಎರಡು ತಾಮ್ರದ ತಂತಿಗಳನ್ನು ಕತ್ತರಿಸಿ, ಒಂದು ಬಿದಿರುಗಳಕ್ಕೆ ಎರಡೂ ಕಡೆ ಕೈ ಚಾಚಿದಂತೆ ಕಟ್ಟಿ ಅಂಗಳದಲ್ಲಿ ನಿಲ್ಲಿಸಿದೆ. ಹೊಸಪೇಟೆ ನಮಗೆ ಈಶಾನ್ಯಕ್ಕೆ. ತಂತಿಗಳ ಅಗಲ ಆ ದಿಕ್ಕಿಗೆ ಎದುರಾಗಿರುವಂತೆ ತಿರುಗಿಸಿದೆ. ಮಬ್ಬು ಕಲೆ ಗೆರೆಯಾಯಿತು. ನಡುನಡುವೆ ಒಂದೆರಡು ಮಾತು ತೇಲಿಬಂದುವು. ಆದರೆ ಮೊರೆತ ಹೋಗಲಿಲ್ಲ.

ಮೂರನೆಯದಾಗಿ ಕಡ್ಡಿಯೊಳಗಿನ ಸ್ಫಟಿಕದ ತಪ್ಪನ್ನು ತಿದ್ದಲು ಹೊರಟೆ. ಅಗ್ಗದ ಸ್ಫಟಿಕ ದಶಲಕ್ಷಕ್ಕೆ 50 ಪಾಲು ತಪ್ಪಿದರೂ ನೂರು ಮೆಗಾಹರ್ಟ್ಸ್‌ನಲ್ಲಿ ಆಗುವ ವ್ಯತ್ಯಾಸ 5 ಕಿಲೋಹರ್ಟ್ಸ್. ಎಫ್.ಎಂ. ಕೇಂದ್ರವೊಂದು ಹರಡಿಕೊಳ್ಳುವ ಅಗಲ ಸುಮಾರು 200 ಕಿಲೋಹರ್ಟ್ಸ್. ಕಂಬಳಿಯ ಅಂಚಿನಲ್ಲಿ ಒಂದು ಎಳೆ ಹೆಚ್ಚುಕಡಿಮೆಯಾದರೆ ಚಳಿಗೇನು ಬಂತು? ಒಂದು ವಾರ ವ್ಯರ್ಥವಾಯಿತು.

ಇನ್ನು ಉಳಿದದ್ದು ಬೇರೆಯವರ ತಪ್ಪು. ನಮ್ಮ ಮನೆಯ ಮಗ್ಗುಲಲ್ಲಿಯೇ ಒಂದು ಹಿಟ್ಟಿನ ಗಿರಣಿಯಿದೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಅದರ ಸದ್ದು. ರೇಡಿಯೋದಲ್ಲಿಯೂ ಸದ್ದು, ಗಿರಣಿಯಲ್ಲಿಯೂ ಸದ್ದು. ಎರಡಕ್ಕೂ ಸಂಬಂಧ ಕಲ್ಪಿಸಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದು ಸಂಜೆ ಹೋಗಿ, ಜೋಳ ಬೀಸಿಸಲು ನಿಂತಿದ್ದ ಹೆಂಗಸರ ಎದುರಿಗೇ, "ಅಜ್ಜಾ, ನಿಮ್ಮ ಮೋಟಾರಿನಿಂದ ನನ್ನ ಓದು, ಕೆಲಸ ಎಲ್ಲಾ ಹಾಳಾಗ್ತೈತಿ. ರಿಪೇರಿನಾದ್ರೂ ಮಾಡಿಸ್ರಿ, ಇಲ್ಲಾ ಕಂಪ್ಲೇಂಟ್ ಕೊಡ್ತೀನಿ" ಎಂದುಬಿಟ್ಟೆ. ಪದವಿಯ ಬಾಗಿಲಿನಲ್ಲಿ ನಿಂತವನೆಂಬ ಗರ್ವ ಆ ಮಾತಿನಲ್ಲಿ ಇರಲಿಲ್ಲವೆಂದರೆ ಸುಳ್ಳಾದೀತು.

ಗಿರಣಿಯ ಅಜ್ಜ ಸಿಟ್ಟಾಗಲಿಲ್ಲ. ಮೈಮೇಲಿನ ಹಿಟ್ಟು ಕೊಡವಿಕೊಂಡು, "ತಮ್ಮಾ, ಈಗ ಬಂದ್ ಮಾಡ್ತೀನಿ, ಹೋಗಿ ನೋಡು. ಸದ್ದು ನಿಂತ್ರ ನಂದು ತಪ್ಪು" ಎಂದು ಹೇಳಿ ಮೋಟಾರನ್ನು ನಿಲ್ಲಿಸಿದರು. ಓಡಿಹೋಗಿ ನೋಡಿದೆ. ಬಾಚಣಿಗೆಯ ಗೆರೆಗಳು ಒಂದೂ ಅಳಿಸಿರಲಿಲ್ಲ. ತಲೆ ತಗ್ಗಿಸಿಕೊಂಡು ಹಿಂದಿರುಗಿದೆ. ಆಗ ಅವರು ಹೇಳಿದರು: "ನಮ್ಮದು ಬಂದ್ ಮಾಡ್ಸಿ ನೋಡಿದಿ. ನಿಮ್ಮನಿದು ಬಂದ್ ಮಾಡಿ ನೋಡಿಯೇನು?"

ಎರಡು ತಿಂಗಳಲ್ಲಿ ನನಗೆ ಹೊಳೆಯದ ಪ್ರಶ್ನೆ ಅದು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು, ಬ್ಯಾಟರಿಯ ಮೇಲೆಯೇ ನಡೆಸುತ್ತ, ಮನೆಯ ಮೇನ್ ಸ್ವಿಚ್ಚನ್ನು ಇಳಿಸಿದೆ. ಕತ್ತಲೆಯಾಯಿತು. ಅದೇ ಕ್ಷಣದಲ್ಲಿ ಪರದೆಯ ಗೆರೆಗಳೆಲ್ಲ ಮಾಯವಾಗಿ, ಹೊಸಪೇಟೆಯಿಂದ ಒಬ್ಬ ಹೆಣ್ಣುಮಗಳು ಎದುರಿಗೇ ಕುಳಿತು ಮಾತನಾಡುತ್ತಿರುವಂತೆ ಕೇಳಿಸಿದಳು! ಮತ್ತೆ ಸ್ವಿಚ್ ಏರಿಸಿ, ಒಂದೊಂದಾಗಿ ಪರೀಕ್ಷಿಸಿದೆ. ಫ್ಯಾನು ನಿರಪರಾಧಿ. ಮೊಬೈಲ್ ಚಾರ್ಜರಿನದು ಅಲ್ಪ ಅಪರಾಧ. ಮುಖ್ಯ ಅಪರಾಧಿ ನನ್ನ ಮೇಜಿನ ಮೇಲೆಯೇ ಇತ್ತು. ನಾನು ಬಿ.ಎ.ಗೆ ಸೇರಿದಾಗ, ರಾತ್ರಿ ಓದಲು ಬೇಕಾಗುತ್ತದೆಂದು ಅಪ್ಪ ಸಂತೆಯಿಂದ ತಂದಿದ್ದ ಎಲ್.ಇ.ಡಿ. ದೀಪ.

ಇದರ ಮರ್ಮ ಸರಳ. ಗಿರಣಿಯಲ್ಲಿರುವ ಇಂಡಕ್ಷನ್ ಮೋಟಾರಿನಲ್ಲಿ ಕಿಡಿ ಹಾರಿಸುವ ಬ್ರಷ್‌ಗಳಿರುವುದಿಲ್ಲ. ಆದ್ದರಿಂದ ಕಿವಿಗೆ ಅದೆಷ್ಟು ಅಬ್ಬರಿಸಿದರೂ ರೇಡಿಯೋದ ಪಾಲಿಗೆ ಅದು ಬಹುಮಟ್ಟಿಗೆ ಮೌನಿ. ಎಲ್.ಇ.ಡಿ. ದೀಪದೊಳಗಿನ ಪುಟ್ಟ ಮಂಡಲವಾದರೋ ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಕೂಡಿಸುತ್ತದೆ. ಆ ಕಡಿತದ ಮರಿ ಅಲೆಗಳು ಎಫ್.ಎಂ. ಪಟ್ಟಿಯವರೆಗೂ ಏರುತ್ತವೆ. ಅವನ್ನು ತಡೆಯುವ ಶೋಧಕವನ್ನು ಅಗ್ಗದ ದೀಪಗಳಲ್ಲಿ ಕೈಬಿಟ್ಟಿರುವುದುಂಟು. ಅದರ ಸದ್ದು ಕಿವಿಗೆ ಕೇಳದು. ಬೆಳಕು ಮಾತ್ರ ಕಾಣುತ್ತದೆ.

ಮರುದಿನ ಗಿರಣಿಗೆ ಹೋಗಿ, ಅಂದಿನಂತೆಯೇ ನಾಲ್ಕು ಜನರ ಎದುರಿಗೆ, ತಪ್ಪು ನಮ್ಮ ಮನೆಯದೇ ಎಂದು ಒಪ್ಪಿಕೊಂಡೆ. ಅಜ್ಜ ನಕ್ಕರು. "ಮೈಲಾರದ ಕಾರಣಿಕ ನೋಡಿಯಲ್ಲ? ಲಕ್ಷ ಮಂದಿ ಇರ್ತಾರ. ಗೊರವಪ್ಪ ಬಿಲ್ಲು ಏರಿ ಮೊದಲು ಏನಂತಾನ?"

"ಸದ್ದಲೇ ಅಂತಾನ" ಎಂದೆ.

"ಹಾಂ. ಮಂದಿ ಸುಮ್ಮನಾದ ಮ್ಯಾಲೆ ಒಂದ ಮಾತು ಹೇಳ್ತಾನ. ಎಲ್ಲಾರಿಗೂ ಕೇಳ್ತೈತಿ."

ಹಡಗಲಿ ತಾಲ್ಲೂಕಿನ ಆ ಜಾತ್ರೆಗೆ ನಾನು ಚಿಕ್ಕಂದಿನಿಂದ ಹೋಗಿದ್ದೇನೆ. ಆ ಒಂದು ಕೂಗಿಗೆ ಮೈದಾನವೆಲ್ಲ ಸ್ತಬ್ಧವಾಗುವುದನ್ನು ಕಂಡಿದ್ದೇನೆ. ಆದರೂ ಗೇನ್ ಹಿಡಿಕೆಯನ್ನು ತುದಿಗೇರಿಸಿ ಕುಳಿತಿದ್ದಾಗ ಅದು ನೆನಪಿಗೆ ಬರಲಿಲ್ಲ.

ಈಗ ಹಿಡಿಕೆ ಮೂವತ್ತರ ಆಸುಪಾಸಿನಲ್ಲಿದೆ. ಕಡ್ಡಿಯನ್ನು ಉದ್ದನೆಯ ಯು.ಎಸ್.ಬಿ. ತಂತಿಯಿಂದ ಲ್ಯಾಪ್‌ಟಾಪಿನಿಂದ ದೂರವಿರಿಸಿದ್ದೇನೆ. ಕೆಲವು ದಿನ ಹೊಸಪೇಟೆ ಸ್ಪಷ್ಟ, ಕೆಲವು ದಿನ ಸ್ವಲ್ಪ ಮೊರೆತ. ಅಷ್ಟು ದೂರಕ್ಕೆ ಅಷ್ಟು ಸಹಜ. ದೀಪವನ್ನು ಬದಲಾಯಿಸಬಹುದಾಗಿತ್ತು, ಅಪ್ಪ ತಂದದ್ದೆಂದು ಇಟ್ಟುಕೊಂಡಿದ್ದೇನೆ. ಓದುವಾಗ ಅದನ್ನು ಹೊತ್ತಿಸುತ್ತೇನೆ, ಕೇಳುವಾಗ ಆರಿಸುತ್ತೇನೆ. ಅದು ಆರಿದಾಗ ಅಪ್ಪನೂ ಬಂದು ಬಾಗಿಲ ಬಳಿ ಕತ್ತಲಲ್ಲಿ ಕೂಡುತ್ತಾರೆ. "ಏನು ಹೇಳ್ತಾರ?" ಎನ್ನುತ್ತಾರೆ. ಇಬ್ಬರೂ ಸುಮ್ಮನೆ ಕೇಳುತ್ತೇವೆ.