ಕಿತ್ತಯ್ಯನ ಕಲ್ಲು, ಕೆಂಪೇಗೌಡರ ಗೋಪುರ, ಒಂದು ತಿಂಡಿ ಡಬ್ಬಿ

ಮಕ್ಕಳೇ, ನಿಮ್ಮ ಬೀದಿಯಲ್ಲೇ ಯಾರೋ ಒಂದು ಡಬ್ಬಿ ಬಚ್ಚಿಟ್ಟಿದ್ದಾರೆ ಅಂದುಕೊಳ್ಳಿ. ಎಲ್ಲಿದೆ ಅಂತ ನೇರವಾಗಿ ಹೇಳುವುದಿಲ್ಲ. ಒಂದಿಷ್ಟು ಪ್ರಶ್ನೆ ಕೇಳುತ್ತಾರೆ. ಉತ್ತರಗಳೆಲ್ಲ ಅಂಕಿಗಳು. ಅವನ್ನು ಸರಿಯಾಗಿ ಜೋಡಿಸಿ ಮೊಬೈಲಿನ ನಕ್ಷೆಗೆ ಕೊಟ್ಟರೆ ಜಾಗ ಸಿಗುತ್ತದೆ. ಹೊರದೇಶಗಳಲ್ಲಿ ಈ ಆಟ ಬಹಳ ಜನಪ್ರಿಯ. ಇದರ ಹೆಸರು ಜಿಯೋಕ್ಯಾಶಿಂಗ್.

ಆಟ ಹುಟ್ಟಿದ ಕಥೆಯೂ ಚೆನ್ನಾಗಿದೆ. ಅಮೆರಿಕದ ಉಪಗ್ರಹಗಳು ಕೊಡುವ ಜಿಪಿಎಸ್ ಸಂಕೇತವನ್ನು ಸಾಮಾನ್ಯ ಜನರಿಗೆ ಬೇಕೆಂದೇ ಸ್ವಲ್ಪ ಕೆಡಿಸಿ ಕೊಡಲಾಗುತ್ತಿತ್ತು. 2000ನೇ ಇಸವಿಯ ಮೇ ತಿಂಗಳ ಆರಂಭದಲ್ಲಿ ಅದನ್ನು ನಿಲ್ಲಿಸಿದರು. ಒಂದೇ ರಾತ್ರಿಯಲ್ಲಿ ಎಲ್ಲರ ಕೈಯ ಯಂತ್ರವೂ ಚುರುಕಾಯಿತು. ಮೇ 3ರಂದು ಡೇವ್ ಉಲ್ಮರ್ ಎಂಬಾತ ಆರೆಗಾನ್ ರಾಜ್ಯದ ಕಾಡಿನಲ್ಲಿ ಒಂದು ಬಕೆಟ್ ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಎಲ್ಲರಿಗೂ ತಿಳಿಸಿದ. ಅದರೊಳಗೆ ಪುಸ್ತಕ, ಒಂದು ಚಾಟರಬಿಲ್ಲು, ಒಂದು ಡಬ್ಬ ಬೇಯಿಸಿದ ಕಾಳು ಎಲ್ಲ ಇದ್ದವು. ನಿಮಗೆ ಬೇಕಾದ್ದು ತೆಗೆದುಕೊಳ್ಳಿ, ನಿಮ್ಮದೊಂದು ಇಡಿ, ಪುಸ್ತಕದಲ್ಲಿ ಹೆಸರು ಬರೆಯಿರಿ: ನಿಯಮ ಅಷ್ಟೇ.

ಬೇಸಿಗೆ ರಜೆಗೆ ಬಂದ ಹನ್ನೊಂದು ವರ್ಷದ ಮೊಮ್ಮಗಳು ಎರಡನೇ ದಿನಕ್ಕೇ, "ತಾತ, ಸಹಕಾರನಗರದಲ್ಲಿ ನೋಡೋಕೆ ಏನೂ ಇಲ್ಲ. ಮನೆ, ಅಂಗಡಿ, ಮನೆ" ಎಂದಳು. ಈ ಮಾತು ನನಗೆ ಚುಚ್ಚಿತು. ಹೊಸ ಬಡಾವಣೆ, ನಿಜ. ಆದರೆ ನೆಲ ಹೊಸದಲ್ಲವಲ್ಲ! ಪಕ್ಕದಲ್ಲೇ ಕೊಡಿಗೇಹಳ್ಳಿ ಇದೆ. ಹಳಗನ್ನಡ ಶಾಸನಗಳಲ್ಲಿ 'ಕೊಡಗಿ' ಎಂದರೆ ಕೆರೆ ಕಟ್ಟಿದವರಿಗೆ, ಊರಿಗಾಗಿ ಪ್ರಾಣ ಕೊಟ್ಟವರ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿ. ಕೊಡಿಗೇಹಳ್ಳಿ ಎಂಬ ಫಲಕ ಕಂಡಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತದೆ. ಆ ರಾತ್ರಿ ಕುಳಿತು ಮೂರು ಚೀಟಿ ಬರೆದೆ. ಒಂದು ಸ್ಟೀಲ್ ತಿಂಡಿ ಡಬ್ಬಿಯನ್ನು ಬೆಳಗಿನ ವಾಕಿಂಗಿನಲ್ಲಿ ಪಾರ್ಕಿನ ಕಾವಲುಗಾರರಿಗೆ ಹೇಳಿಯೇ ಒಂದು ಕಡೆ ಇಟ್ಟು ಬಂದೆ. (ಹೇಳದೆ ಇಡಬೇಡಿ. ದಿಕ್ಕಿಲ್ಲದ ಡಬ್ಬಿ ಕಂಡರೆ ಪೊಲೀಸರು ಬರುತ್ತಾರೆ, ಅದರಲ್ಲೂ ಯಲಹಂಕದ ವಾಯುನೆಲೆ ಇಷ್ಟು ಹತ್ತಿರ ಇರುವಾಗ.)

ಮೊದಲ ಚೀಟಿಯಲ್ಲಿದ್ದ ಪ್ರಶ್ನೆ: "ಹೆಬ್ಬಾಳದ ಅತ್ಯಂತ ಹಳೆಯ ನಿವಾಸಿ ಯಾರು? ಆತನ ವಯಸ್ಸೆಷ್ಟು?"

ಹೆಬ್ಬಾಳ ಎಂದರೆ ಅವಳಿಗೆ ಮೇಲ್ಸೇತುವೆ ಮತ್ತು ಟ್ರಾಫಿಕ್ಕು. ಸೇತುವೆ ಬಿಟ್ಟು ಹಳೇ ಊರಿನ ಓಣಿಗಳಿಗೆ ಹೊಕ್ಕೆವು. ಅಲ್ಲಿ ಗಂಗರ ಶೈಲಿಯಲ್ಲಿ ಕಟ್ಟಿದ ಪುಟ್ಟ ಕಲ್ಲಿನ ಮಂಟಪ, ಅದರಲ್ಲಿ ಒಂದು ವೀರಗಲ್ಲು. ಅದೇ ಕಿತ್ತಯ್ಯನ ಕಲ್ಲು. ಕಾಲ ಸುಮಾರು ಕ್ರಿ.ಶ. 750, ಗಂಗರ ದೊರೆ ಶ್ರೀಪುರುಷನ ಆಳ್ವಿಕೆ. ರಟ್ಟರು, ಅಂದರೆ ರಾಷ್ಟ್ರಕೂಟರ ಕಡೆಯವರು ದಾಳಿ ಮಾಡಿದಾಗ ಕಿತ್ತಯ್ಯ ಎಂಬಾತ ಊರಿಗಾಗಿ ಕಾದಾಡಿ ಮಡಿದ. ಬೆಂಗಳೂರಿನಲ್ಲಿ ಸಿಕ್ಕಿರುವ ಅತ್ಯಂತ ಹಳೆಯ ಶಾಸನಗಳಲ್ಲಿ ಇದೂ ಒಂದು.

"ಇದರಲ್ಲಿ ಹೆಬ್ಬಾಳ ಅಂತ ಎಲ್ಲಿದೆ?" ಎಂದಳು. ಹಾಗೆ ಬರೆದಿಲ್ಲ, 'ಪೆರ್ಬೊಳಲ್ ನಾಡು' ಎಂದಿದೆ. ಪೆರ್ ಎಂದರೆ ಹಿರಿದು. ಪೊಳಲ್ ಎಂದರೆ ಪಟ್ಟಣ. ಹಳಗನ್ನಡದ ಪಕಾರ ಮುಂದೆ ಹಕಾರವಾಯಿತು: ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. "ಹಾಗಾದ್ರೆ ಪೆರ್ಬೊಳಲ್ ಹೆರ್ಬೊಳಲ್, ಹೆಬ್ಬೊಳಲ್, ಹೆಬ್ಬಾಳ!" ಎಂದು ತಾನೇ ಕುಣಿದಳು. ನಾನು ಹೇಳಿಕೊಡಬೇಕೆಂದಿದ್ದೆ, ಅವಕಾಶವೇ ಕೊಡಲಿಲ್ಲ.

ಆಮೇಲೆ ಅವಳು ಕೇಳಿದ ಪ್ರಶ್ನೆಯೇ ಈ ಬರಹಕ್ಕೆ ಕಾರಣ. "ಇಷ್ಟು ವರ್ಷ ಇದನ್ನ ಯಾರೂ ನೋಡಿರಲಿಲ್ವಾ?"

ಬಿ.ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಶಾಸನಗಳನ್ನೆಲ್ಲ ಹುಡುಕಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ತಂದರು. ಬೆಂಗಳೂರು ಜಿಲ್ಲೆಯದು ಒಂಬತ್ತನೆಯದು, 1905ರಲ್ಲಿ ಬಂತು. ಅದರಲ್ಲಿ ಕಿತ್ತಯ್ಯ ಇಲ್ಲ. ಅವನು ಬೆಳಕಿಗೆ ಬಂದದ್ದು 2018ರಲ್ಲಿ, ಚರಂಡಿ ಕೆಲಸಕ್ಕೆ ನೆಲ ಅಗೆಯುವಾಗ! ಸ್ಥಳೀಯರು ಮತ್ತು ಶಾಸನಪ್ರೇಮಿಗಳು ಮುತುವರ್ಜಿ ವಹಿಸಿ ಕಲ್ಲನ್ನು ಉಳಿಸಿಕೊಂಡರು, ನೆರಳಿಗೆ ಮಂಟಪವೂ ಎದ್ದಿತು. ನಗರದ ಇಂಥ ಕಲ್ಲುಗಳ ಅಕ್ಷರಗಳನ್ನು ಮಿಥಿಕ್ ಸೊಸೈಟಿಯವರು ಈಗ ಮೂರು ಆಯಾಮದ ಸ್ಕ್ಯಾನಿಂಗ್ ಮಾಡಿ ಕಾಪಿಡುತ್ತಿದ್ದಾರೆ.

ಎರಡನೇ ಚೀಟಿ ಮೇಖ್ರಿ ವೃತ್ತಕ್ಕೆ ಕರೆದೊಯ್ಯಿತು. ಬಳ್ಳಾರಿ ರಸ್ತೆಯ ಬಸ್ಸು ತೆವಳುತ್ತಿತ್ತು, ಹಾಗಾಗಿ ಇನ್ನೊಂದು ಕಥೆಗೆ ಸಮಯ ಸಿಕ್ಕಿತು. ಈ ಅಕ್ಷಾಂಶ ರೇಖಾಂಶದ ಲೆಕ್ಕಕ್ಕೂ ಬೆಂಗಳೂರಿಗೂ ಹಳೆಯ ನಂಟಿದೆ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಇಲ್ಲಿಯ ನೆಲದ ಮೇಲೆ ಏಳೂವರೆ ಮೈಲಿಗೆ ತುಸು ಕಡಿಮೆ ಉದ್ದದ ನೇರ ಗೆರೆಯೊಂದನ್ನು ಅಳೆದ. ಅಳೆದದ್ದು ನೂರು ಅಡಿಯ ಉಕ್ಕಿನ ಸರಪಳಿಯಿಂದ. ಆ ಸರಪಳಿ ಚೀನಾದ ಚಕ್ರವರ್ತಿಗೆ ಉಡುಗೊರೆಯಾಗಿ ಹೋಗಿತ್ತು, ಆತ ಬೇಡವೆಂದ, ಸುತ್ತಿಬಳಸಿ ಲ್ಯಾಂಬ್ಟನ್ ಕೈಗೆ ಬಂತು. ಎರಡು ವರ್ಷದ ನಂತರ ಆತ ಮದ್ರಾಸಿನಿಂದ ಶುರುಮಾಡಿದ ಅಳತೆಯೇ ಇಡೀ ಭಾರತದ ಮಹಾ ಸರ್ವೇಕ್ಷಣೆಯಾಯಿತು. ಉಪಗ್ರಹ ಇಲ್ಲದ ಕಾಲ, ಬರೀ ಸರಪಳಿ, ದುರ್ಬೀನು ಮತ್ತು ತ್ರಿಕೋನದ ಲೆಕ್ಕ. ಮೊಮ್ಮಗಳು ಮೊಬೈಲನ್ನು ಒಮ್ಮೆ ನೋಡಿ ಜೇಬಿಗೆ ಹಾಕಿಕೊಂಡಳು.

ಮೇಖ್ರಿ ವೃತ್ತದ ಬಳಿ ಉದ್ಯಾನದಲ್ಲಿ, ಬಂಡೆಯ ಮೇಲೆ, ಕೆಂಪೇಗೌಡರ ಗೋಪುರ ನಿಂತಿದೆ. ಲಾಲ್‌ಬಾಗ್, ಹಲಸೂರು, ಕೆಂಪಾಂಬುಧಿ ಕೆರೆ, ಇದು, ಹೀಗೆ ನಾಲ್ಕು. ಬೆಂಗಳೂರು ಈ ಗೋಪುರಗಳನ್ನು ದಾಟಿ ಬೆಳೆಯಬಾರದೆಂಬ ಮಾತಿತ್ತು ಎಂದು ಹಿರಿಯರು ಹೇಳುತ್ತಾರೆ. "ಅಂದ್ರೆ ನಮ್ಮ ಮನೆ ಊರಾಚೆ!" ಎಂದಳು. ಹೌದು, ಇನ್ನೂ ಐದಾರು ಕಿಲೋಮೀಟರು ಆಚೆ. ಆದರೆ ಕೆಂಪೇಗೌಡರೇ ಯಲಹಂಕದವರು, ನಮಗಿಂತಲೂ ಆಚೆಯವರು ಎಂದಾಗ ಸಮಾಧಾನವಾಯಿತು.

ಮೂರನೇ ಚೀಟಿಯಲ್ಲಿ ಎಡವಟ್ಟಾಯಿತು. ಅದರಲ್ಲಿ ಬೆಂಗಳೂರಿನ ಮಣ್ಣಿನ ಕೋಟೆ ಕಟ್ಟಿದ ವರ್ಷವೆಂದು ನಾವು ಓದಿಕೊಂಡು ಬಂದಿರುವ ಇಸವಿಯನ್ನು ಕನ್ನಡ ಅಂಕಿಯಲ್ಲಿ ಬರೆದಿದ್ದೆ: ೧೫೩೭. ನಮ್ಮೂರಿನ ಅಕ್ಷಾಂಶ 13 ಡಿಗ್ರಿ, ರೇಖಾಂಶ 77 ಡಿಗ್ರಿ. ಇಸವಿಯ ಕೊನೆಯ ಎರಡು ಅಂಕಿ ಅಕ್ಷಾಂಶದ ಮಿನಿಟುಗಳಿಗೆ, ಅಂದರೆ 3.7. ನಡುವಿನ ಎರಡನ್ನು ತಿರುಗಿಸಿದರೆ ರೇಖಾಂಶದ ಮಿನಿಟು, 35. ಮುಂದಿನ ದಶಮಾಂಶ ಸ್ಥಾನಗಳಿಗೆ ಗೋಪುರಗಳ ಸಂಖ್ಯೆ, ಕಿತ್ತಯ್ಯನ ವರ್ಷ, ಕಲ್ಲು ಸಿಕ್ಕಿದ ವರ್ಷ. ಪೂರ್ತಿ ಹೇಳುವುದಿಲ್ಲ, ಡಬ್ಬಿ ಇನ್ನೂ ಅಲ್ಲೇ ಇದೆ.

ಅವಳು ಸರಸರ ಲೆಕ್ಕ ಮಾಡಿ ನಡೆದಳು. ನಾನು ಹಿಂದೆ. ಹೋಗಿ ನಿಂತದ್ದು ಎಳನೀರು ಗಾಡಿಯ ಮುಂದೆ. ಅತ್ತ ಇತ್ತ ನೋಡಿದಳು, ಗಾಡಿಯ ಅಡಿಗೂ ಬಗ್ಗಿ ನೋಡಿದಳು. ಎಳನೀರಿನವರು ಏನು ಕಳೆಯಿತಮ್ಮಾ ಎಂದು ಹುಡುಕಲು ತಾವೂ ಬಗ್ಗಿದರು. ಚೀಟಿ ಇಸಿದುಕೊಂಡು ನೋಡಿದರೆ ೭ನ್ನು 6 ಎಂದು ಓದಿದ್ದಾಳೆ. ಅಕ್ಷಾಂಶದಲ್ಲಿ ಒಂದು ಮಿನಿಟು ಎಂದರೆ ಸುಮಾರು 1.85 ಕಿಲೋಮೀಟರು. ಅದರ ಹತ್ತನೇ ಒಂದು ಭಾಗ ತಪ್ಪಿತು, 185 ಮೀಟರು ದಕ್ಷಿಣಕ್ಕೆ ಬಂದಿದ್ದೇವೆ. ಅವಳ ಮುಖ ಕೆಂಪಾಯಿತು. "ನಮ್ಗೆ ಕನ್ನಡ ಅಂಕಿ ಸರಿಯಾಗಿ ಹೇಳೇ ಕೊಟ್ಟಿಲ್ಲ ತಾತ." ಅವಳದೇನು ತಪ್ಪು? ಹನ್ನೊಂದು ವರ್ಷ ನಾನೂ ಹೇಳಿಕೊಟ್ಟಿರಲಿಲ್ಲ. ಎಳನೀರು ಕುಡಿಯುತ್ತ ಅಲ್ಲೇ ಚೀಟಿಯ ಹಿಂದೆ ೧ರಿಂದ ೯ರವರೆಗೆ ಬರೆಸಿದೆ. ೬ರ ಬಾಲ, ೭ರ ಬಾಗು ಅವಳೇ ಎರಡೆರಡು ಸಲ ತಿದ್ದಿದಳು.

ಆಮೇಲೆ ಡಬ್ಬಿ ಸಿಕ್ಕಿತು. ಒಳಗಿದ್ದ ಹಳೆಯ ಐದು ಪೈಸೆ ನಾಣ್ಯ ಅವಳದಾಯಿತು. ಅದರ ಬದಲು ತನ್ನ ಕೂದಲಿನ ಕ್ಲಿಪ್ಪು ಇಟ್ಟಳು.

ಮನೆಗೆ ಬರುವಾಗ ನಾನು ಯಾರಿಗೂ ಹೇಳದ ಒಂದು ವಿಷಯ ಅವಳಿಗೆ ಹೇಳಿದೆ. ನಾವು ಇಲ್ಲಿಗೆ ಬಂದ ಹೊಸದರಲ್ಲಿ ತಿರುವಿನ ಹೊಂಗೆಮರದ ಕೆಳಗೆ ಒಂದು ಚಪ್ಪಡಿ ನಿಂತಿತ್ತು. ಮೇಲೆ ಸೂರ್ಯ, ಚಂದ್ರ. ಸೂರ್ಯಚಂದ್ರರು ಇರುವವರೆಗೂ ಈ ಮಾತು ಇರಲಿ ಎಂದು ಶಾಸನಗಳ ಮೇಲೆ ಹಾಗೆ ಕೆತ್ತುತ್ತಿದ್ದರು. ಕೆಳಗೆ ಅಕ್ಷರ ಇದ್ದವೋ ಏನೋ, ನಾನು ಬಗ್ಗಿ ನೋಡಲಿಲ್ಲ. ದಿನಾ ಸೈಕಲ್ ಒರಗಿಸುತ್ತಿದ್ದೆ, ಅಷ್ಟೇ. ಒಂದು ದಿನ ರಸ್ತೆ ಅಗಲವಾಯಿತು. ಮರವೂ ಇಲ್ಲ, ಕಲ್ಲೂ ಇಲ್ಲ. ಒಂದು ಫೋಟೋ ಕೂಡ ಇಲ್ಲ.

"ಎಲ್ಲಿ ಇತ್ತು, ತೋರಿಸು" ಎಂದಳು.

ಕರೆದುಕೊಂಡು ಹೋದೆ. ಈಗ ಅಲ್ಲೊಂದು ವಿದ್ಯುತ್ ಪೆಟ್ಟಿಗೆ ಇದೆ. ಎರಡು ಹೆಜ್ಜೆ ಎಡಕ್ಕೆ, ಇನ್ನೂ ಒಂದು ಎಂದು ಹೇಳುತ್ತ ಜಾಗ ಹಿಡಿದೆ. ಅವಳು ಮೊಬೈಲು ನೆಲದ ಹತ್ತಿರ ಹಿಡಿದು ಅಂಕಿಗಳು ನಿಲ್ಲುವವರೆಗೆ ಕಾದಳು. ಮತ್ತೆ ಪಾರ್ಕಿಗೆ ಓಡಿ, ಡಬ್ಬಿಯ ಪುಸ್ತಕ ತೆರೆದು, ತನ್ನ ಹೆಸರಿನ ಕೆಳಗೆ ಬರೆದಳು: ಇಲ್ಲಿ ಒಂದು ಕಲ್ಲು ಇತ್ತು, ಸೂರ್ಯ ಚಂದ್ರ ಇದ್ದವು, ತಾತ ನೋಡಿದ್ದಾರೆ. ಅದರ ಮುಂದೆ ಅಕ್ಷಾಂಶ, ರೇಖಾಂಶ. ಅಂಕಿಗಳೆಲ್ಲ ಕನ್ನಡದಲ್ಲಿ. ೭ ಸರಿಯಾಗಿತ್ತು.